ನಿಲ್ಲಿಸಬೇಕಾದ ಅಭ್ಯಾಸಗಳು

ಆಟಿಸಂ ಇರುವ ಮಕ್ಕಳ ಥೆರಪಿ ಕೇಂದ್ರದಲ್ಲಿ ನನ್ನ ಮಗನ ಅರ್ಜಿ ತುಂಬಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಅಕ್ಕತಂಗಿ ಕೂತಿದ್ದರು. ಅಕ್ಕನ ಪುಟ್ಟ ಮಗಳು ಗೋಡೆಗೆ ಒರಗಿ ಎರಡೂ ಕೈ ಪಟಪಟ ಆಡಿಸುತ್ತಿದ್ದಳು. ಅವರ ಮಾತು ಕೇಳಿಸಿಕೊಂಡದ್ದು ತಪ್ಪೇ. ಒಂದು ಮಾತನ್ನೂ ಸೇರಿಸಿಲ್ಲ ಎಂದುಕೊಂಡಿದ್ದೇನೆ.

“ಅರ್ಜೀಲಿ ‘ನಿಲ್ಲಿಸಬೇಕಾದ ಅಭ್ಯಾಸಗಳು’ ಅಂತಿದೆ. ಕೈ ಆಡಿಸೋದು ಅಂತ ಬರೀಲಾ?” ಎಂದಳು ಅಕ್ಕ.

“ಚಿಕ್ಕೋಳಿದ್ದಾಗ ನನ್ನ ಅರ್ಜೀಲೂ ಅಮ್ಮ ಅದನ್ನೇ ಬರೆದಿದ್ಲು,” ಎಂದಳು ತಂಗಿ.

“ನಿಂತೋಯ್ತಲ್ಲ?”

“ಎಲ್ಲಿ? ಬಚ್ಚಲಲ್ಲಿ ಚಿಲಕ ಹಾಕ್ಕೊಂಡು ಆಡಿಸ್ತೀನಿ.”

“ಈಗ್ಲೂನಾ? ಮೂವತ್ತು ವರ್ಷ ಆಯ್ತಲ್ಲೇ ನಿಂಗೆ!”

“ಅದಕ್ಕೇ ಚಿಲಕ.”

ಅಕ್ಕ ನಕ್ಕಳು. ನಗು ಬೇಗ ಸೋತಿತು.

“ಹಾಗಾದ್ರೆ ಇವಳನ್ನ ಇಲ್ಲಿಗೆ ಸೇರಿಸೋದೇ ಬೇಡ್ವಾ? ಇವಳಿಗೆ ಹಸಿವೋ ನೋವೋ ನಂಗೆ ತಿಳಿಯಲ್ಲ. ಸಾಕಾಗೋಗಿದೆ ಕಣೇ.”

“ಸೇರ್ಸು. ನೋವಾದ್ರೆ ಚಿತ್ರ ಮುಟ್ಟಿ ತೋರಿಸೋದು ನಂಗೆ ಇಂಥ ಕಡೆನೇ ಕಲಿಸಿದ್ದು. ಆ ಟೀಚರ್ ದೇವರಂಥವರು. ಅವರಾದ್ಮೇಲೆ ಬಂದೋರು, ಕಣ್ಣಲ್ಲಿ ಕಣ್ಣಿಟ್ಟು ನೋಡೋ ತನಕ ನಾನು ಆಡ್ತಿದ್ದ ಅಂಗಿ ಗುಂಡಿಗಳ ಡಬ್ಬಿ ಕೊಡ್ತಿರ್ಲಿಲ್ಲ.”

“ಮನೇಲೂ ಹಾಗೇ ಮಾಡಿ ಅಂದಿದ್ರು. ಡಬ್ಬಿ ಬಚ್ಚಿಡ್ತಿದ್ದಿದ್ದು ನಾನು.”

“ಗೊತ್ತಕ್ಕ.”

“ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ಲ ನೀನು.”

“ನೀನು ಕೇಳಿದ್ದು ಇವತ್ತೇ ಅಲ್ವಾ?”

ಒಳಗಿನಿಂದ ಕರೆ ಬಂತು.

“ಈ ಜಾಗ ಖಾಲಿ ಬಿಟ್ರೆ ಕೇಳ್ತಾರೆ ಕಣೇ.”

“ಕೇಳ್ಲಿ. ನಾನೂ ಬರ್ತೀನಿ, ನಡಿ.”

ಅಕ್ಕ ಪೆನ್ನಿಗೆ ಮುಚ್ಚಳ ಹಾಕಿದಳು. ಮೂವರೂ ಒಳಗೆ ಹೋದರು. ಮಗುವಿನ ಕೈ ಆಡುತ್ತಲೇ ಇತ್ತು, ಯಾರೂ ಹಿಡಿಯಲಿಲ್ಲ.

ನನ್ನ ಅರ್ಜಿಯಲ್ಲಿ ಆ ಜಾಗವನ್ನು ನಾನು ಆಗಲೇ ತುಂಬಿದ್ದೆ.