ನಾಲ್ಕು ಹೆಜ್ಜೆ ಹಿಂದೆ

ಒಬ್ಬ ಶ್ರೀಮಂತ ಇದ್ದ. ಯಾವೂರು ಅಂತ ಕೇಳಬೇಡಿ, ನಿಮ್ಮೂರೇ ಅಂದ್ರೆ ಬೇಜಾರು ಮಾಡ್ಕೋತೀರಿ. ಕ್ರೇನಿಗೆ ಹಾಕೋ ಕೊಕ್ಕೆ ಮಾಡೋ ಕಾರ್ಖಾನೆ ಅವನದು. ಹೊಸ ಥರದ ಮಿಶ್ರಲೋಹ, ತೂಕ ಕಮ್ಮಿ, ಶಕ್ತಿ ಜಾಸ್ತಿ ಅಂತ ಊರೆಲ್ಲಾ ಹೇಳ್ಕೊಂಡು ಬಂದ. ಆದರೆ ಲ್ಯಾಬಿನವರು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡದೆ ಒಂದು ಕೊಕ್ಕೆಯನ್ನೂ ಮಾರೋ ಹಾಗಿಲ್ಲ.

ಇವನೇನು ಮಾಡಿದ? ಒಂದೇ ಒಂದು ಕೊಕ್ಕೆ ಬೇರೆಯಾಗಿ ಎರಕ ಹೊಯ್ಸಿದ. ಒಳ್ಳೇ ಲೋಹ, ಹದವಾದ ಕಾವು, ಪಕ್ಕದಲ್ಲೇ ಕೂತು ಮಾಡಿಸಿದ. ಕುಂಕುಮ ಇಟ್ಟು, ರೇಷ್ಮೆ ಬಟ್ಟೇಲಿ ಸುತ್ತಿ ಲ್ಯಾಬಿಗೆ ತಂದ. ಮಿಕ್ಕ ಐನೂರು? ಅವು ಹೇಗೋ ಆಗಿದ್ದವು, ಹೊರಗೆ ಲಾರೀಲಿ ಬಿದ್ದಿದ್ದವು.

ಪರೀಕ್ಷೆ ಮಾಡೋಳು ಒಬ್ಬ ಹೆಣ್ಣುಮಗಳು. ರೇಷ್ಮೆ ಬಟ್ಟೆ ನೋಡಿದಾಗಲೇ ಅವಳಿಗೆ ಅನುಮಾನ. ಆದರೂ ಕೊಕ್ಕೇನ ಮಿಷನ್ನಿಗೆ ಸಿಕ್ಕಿಸಿ ಎಳೆದಳು. ಹತ್ತು ಟನ್, ಇಪ್ಪತ್ತು ಟನ್. ನೋಡಿ, ಕೊಕ್ಕೆ ಜಪ್ಪಯ್ಯ ಅನ್ನಲಿಲ್ಲ. ಶ್ರೀಮಂತ ಮೀಸೆ ತಿರುವಿದ.

"ಯಜಮಾನ್ರೇ, ಇದು ಪಾಸು," ಅಂದಳು. "ಈಗ ಲಾರಿಯಿಂದ ನಾನೇ ಒಂದು ತೆಗೀತೀನಿ. ಅದರಲ್ಲಿ ಆ ಕಬ್ಬಿಣದ ತೊಲೆ ಎತ್ತಿಸ್ತೀನಿ. ನೀವು ಸ್ವಲ್ಪ ಆ ತೊಲೆ ಕೆಳಗೆ ನಿಂತ್ಕೊಳ್ಳಿ."

ಶ್ರೀಮಂತ ಹಿಂದೆ ಸರಿದ. ಒಂದು ಹೆಜ್ಜೆ ಅಲ್ಲ, ನಾಲ್ಕು ಹೆಜ್ಜೆ. ಅವಳು ಪೆನ್ನು ತೆಗೆದು ರಿಪೋರ್ಟ್ ಬರೆದಳು: "ಮಾಲೀಕರು ನಾಲ್ಕು ಹೆಜ್ಜೆ ಹಿಂದೆ. ಮಾಲು ಫೇಲು."

"ಏನಮ್ಮ ಇದು, ಇನ್ನೂ ಎತ್ತಿಸೇ ಇಲ್ವಲ್ಲ?"

"ಎತ್ತಿಸ್ಲಾ? ನಿಂತ್ಕೋತೀರಾ?"

"ಬೇಡ ಬಿಡಮ್ಮ."

"ನೀವು ನಿಲ್ಲದ ಜಾಗದಲ್ಲಿ ದಿನಾ ಕೂಲಿಯವರು ನಿಲ್ಲಬೇಕಲ್ಲ ಯಜಮಾನ್ರೇ."

ಲಾರಿ ಬಂದ ದಾರೀಲೇ ವಾಪಸ್ ಹೋಯ್ತು. ಐನೂರನ್ನೂ ಕರಗಿಸಿ ಹೊಸದಾಗಿ ಹೊಯ್ಯಬೇಕಾಯ್ತು.

ನಗ್ತಾ ಇದೀರಿ. ನಗಿ. ಆದರೆ ಈ ಸಭೆಗೆ ನೀವು ತಂದಿರೋದು ಏನು? ಸ್ನಾನ ಮಾಡಿ, ವಿಭೂತಿ ಹಚ್ಚಿ, ಕೈ ಮುಗಿದು ಕೂತಿರೋ ಈ ಒಂದು ಕೊಕ್ಕೆ. ಪಾಸು. ಲಾರೀಲಿರೋ ಮಾಲು? ಅದು ಮನೇಲಿ ತೋರಿಸೋದಕ್ಕೆ. ಅದರ ಕೆಳಗೆ ನಿಂತಿರೋರು ಯಾರು? ನಿಮ್ಮ ಹೆಂಡತಿ, ನಿಮ್ಮ ಮಕ್ಕಳು. ತಾಯಂದಿರೇ, ಗಂಡನ ಕಡೆ ತಿರುಗಿ ನೋಡಬೇಡಿ, ಹಿಂದಿನ ಸಾಲಲ್ಲಿ ನಿಮ್ಮ ಸೊಸೆಯಂದಿರೂ ಕೂತಿದ್ದಾರೆ. ನನ್ನ ವಿಷಯ ಬೇಕಾದ್ರೆ ಮಠದ ಅಡುಗೆಯವರನ್ನ ಕೇಳಿ. ಸಾರಿಗೆ ಉಪ್ಪು ಕಮ್ಮಿಯಾದ ದಿನ ಅವರು ಆರು ಹೆಜ್ಜೆ ಹಿಂದೆ ನಿಂತಿರ್ತಾರೆ. ನಾಚಿಕೆ ಆಗುತ್ತೆ ನನಗೆ.

ಇವತ್ತು ಮನೆಗೆ ಹೋಗಿ ಬಾಗಿಲು ತಟ್ಟಿ. ಮಗು ಎದುರಿಗೆ ಓಡಿ ಬಂತಾ, ಒಳಗೆ ಓಡಿತಾ, ನೋಡಿ. ಹಿಂದೆ ಸರಿದರೆ ಹೆಜ್ಜೆ ಎಣಿಸಿ. ನಾಳೆ ಒಂದು ಹೆಜ್ಜೆ ಕಮ್ಮಿ ಆಗೋ ಹಾಗೆ ಮಾತಾಡಿ. ಚಪ್ಪಲಿ ಬಿಡೋ ಮೊದಲೇ ಬೈಗುಳ ಶುರು ಮಾಡಬೇಡಿ, "ಊಟ ಆಯ್ತಾ ಪುಟ್ಟಾ" ಅಂತ ಕೇಳಿ. ಒಂದು ದಿನ ಮಗು ತಾನಾಗೇ ಹೊಸ್ತಿಲಿಗೆ ಬಂದು ನಿಮ್ಮ ಕೈಯಿಂದ ಚೀಲ ಇಸ್ಕೊಳ್ಳುತ್ತೆ. ಅವತ್ತು ನೀವು ಪಾಸು. ಸರ್ಟಿಫಿಕೇಟಿಗೆ ನನ್ನ ಹತ್ರ ಬರಬೇಡಿ, ಕೊಡೋಕೆ ನಂಗೆ ಅಧಿಕಾರ ಇಲ್ಲ. ಅದು ಆ ಮಗುವಿಗೇ ಇರೋದು.