ಕೆಂಪು ದೀಪದ ಮೇಲಿನ ಕುಂಕುಮ

ಬೆಳಿಗ್ಗೆ ಇಡೀ ಕಾಲೊನಿಯ ಇಂಟರ್‌ನೆಟ್ ಸತ್ತು, ರಮಾಮಣಿಯ ಮಗಳು ಅಪೇಕ್ಷಾಳ ಆನ್‌ಲೈನ್ ಇಂಟರ್‌ವ್ಯೂ ಅರ್ಧಕ್ಕೇ ನಿಂತುಹೋಗಿತ್ತು. ಸಂಜೆ ಮುಂಬೈಯ ಘಾಟ್ಕೋಪರ್ ಮೆಟ್ರೊದ ಟಿಕೆಟ್ ಸಾಲಿನಲ್ಲಿ, ರಮಾಮಣಿಯ ಮುಂದೆಯೇ ಕನ್ನಡ ಕೇಳಿಸಿತು. ಒಬ್ಬ ನಡುವಯಸ್ಸಿನ ಸಾಹೇಬ, ಒಬ್ಬಳು ಹುಡುಗಿ. ಇಬ್ಬರ ಕೊರಳಲ್ಲೂ ಕಾಲೊನಿಗೆ ಇಂಟರ್‌ನೆಟ್ ಕೊಡುವ ಅದೇ ಕಂಪನಿಯ ಕಾರ್ಡು.

"ಒಂದು ನೆಟ್‌ವರ್ಕ್ ಸ್ವಿಚ್ ಕೆಟ್ರ ಇನ್ನೊಂದು ಎಲ್ಲಾ ಭಾರ ಹೊರಬೇಕಲ್ಲ, ಸೌಮ್ಯಾ? ಅದಕ್ಕ ಜೋಡಿ ಇಟ್ಟೀವಿ."

"ಇನ್ನೊಂದು ಬಂದ್ ಇತ್ತು ಸರ್."

"ಯಾವಾಗಿಂದ?"

"ಖಂಡೇ ಪೂಜಿಯಿಂದ. ಆಯುಧಕ್ಕ ಒಂದಿನ ವಿಶ್ರಾಂತಿ ಬೇಕು, ಸುಮ್ನ ಕುಂತದ್ದನ್ನರ ಬಂದ್ ಮಾಡು ಅಂದ್ರಿ."

ಸಾಹೇಬ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದ.

"ಮರುದಿನ ಚಾಲೂ ಮಾಡಲಿಲ್ಲೇನು?"

"ನಾ ಹೇಳೂತನಕ ಮುಟ್ಟಬ್ಯಾಡ ಅಂದಿದ್ರಿ. ಆಮ್ಯಾಲೆ ಬನ್ನಿ ಕೊಡಾಕ ಊರಿಗೆ ಹೋದ್ರಿ."

"ಅಲ್ಲ, ಜೋಡಿ ಇಲ್ಲಂದ್ರ ಮೊದಲನೇದರ ಮ್ಯಾಲೆ ಕೆಂಪು ದೀಪ ಹತ್ತತೈತಲ್ಲ. ಇಷ್ಟು ದಿನ ಯಾರಿಗೂ ಕಾಣಲಿಲ್ಲ?"

"ಹತ್ತಿತ್ತು ಸರ್. ಇವತ್ತ ಒರೆಸಿದ ಮ್ಯಾಲೆ ಕಂಡ್ತು. ನೀವು ಕುಂಕುಮ ಹಚ್ಚಿದ್ದು ಸರಿಯಾಗಿ ಅದರ ಮ್ಯಾಲೇ."

ಟಿಕೆಟ್ ತೆಗೆದುಕೊಂಡು ಇಬ್ಬರೂ ಗೇಟು ದಾಟಿದರು. ಎಲ್ಲಿಗೆಂದು ಕೌಂಟರಿನವನು ಎರಡು ಸಲ ಕೇಳಿದರೂ, ರಮಾಮಣಿ ಗೇಟಿನಾಚೆ ಹೋಗುತ್ತಿದ್ದ ಆ ಇಬ್ಬರನ್ನೇ ನೋಡುತ್ತ ನಿಂತಿದ್ದಳು.