ತಟ್ಟಿದ ಮೇಲೂ ಬಿಡದ ಕೈ

ಮೂಳೆ ಡಾಕ್ಟರ ಬಳಿ ಸರದಿಗೆ ಕಾಯುತ್ತಿದ್ದ ಹೆಂಗಸಿನ ಪಕ್ಕದಲ್ಲಿ ಜೂಡೋ ಬಟ್ಟೆ ತೊಟ್ಟ ಅಕ್ಕ ತಂಗಿಯರು ಬಂದು ಕೂತರು. ತಂಗಿಯ ಮೊಣಕೈ ಊದಿತ್ತು. ಅಕ್ಕ ದನಿ ತಗ್ಗಿಸಿದಳು.

“ಜಾರಿ ಬಿದ್ದೆ ಅಂತ ಹೇಳೇ.”

“ಸೋತೆ ಅಂತ ತಟ್ಟಿದ್ನಲ್ಲಕ್ಕಾ! ತಟ್ಟಿದ ತಕ್ಷಣ ತಿರುಚಿದ ಕೈ ಬಿಡಬೇಕು.”

“ಗೊತ್ತಾಗ್ಲಿಲ್ಲ ಕಣೇ.”

“ನಿನ್ನ ಭುಜಾನೇ ತಟ್ಟಿದ್ದು.”

ಹೆಂಗಸು ಕಿಟಕಿಯತ್ತ ಮುಖ ತಿರುಗಿಸಿದಳು. ಕಿವಿ ಮಾತ್ರ ಇಲ್ಲೇ ಇತ್ತು.

“ನಿನ್ನ ಮೂಗು ಒರೆಸಿ ಬೆಳೆಸಿದೋಳು ನಾನು. ದಿನಾ ಕ್ಲಾಸಲ್ಲಿ ಎಲ್ಲರೆದುರು ನಿಂಗೇ ಬಗ್ಗಿ ನಮಸ್ಕಾರ ಮಾಡಬೇಕಾ?”

“ಮೇಲಿನ ದರ್ಜೆ ಬೆಲ್ಟು ನಂದಾದ್ರೆ ನಾನೇನು ಮಾಡ್ಲಿ?”

“ಮೇಷ್ಟ್ರಿಗೆ ಗೊತ್ತಾದ್ರೆ ನನ್ನ ಓಡಿಸ್ತಾರೆ.”

“ಹೇಳಲ್ಲ ಬಿಡು. ನಮಸ್ಕಾರಾನೂ ಬೇಡ. ಆದ್ರೆ ಇನ್ಮೇಲೆ ನನ್ನ ಕೈ ನಿನ್ನ ಕೈಗೆ ಕೊಡಲ್ಲ.”

ನರ್ಸ್ ಕರೆದಳು. ಎಬ್ಬಿಸಲು ಅಕ್ಕ ಚಾಚಿದ ಕೈಯನ್ನು ಹಿಡಿಯದೆ ತಂಗಿ ತಾನೇ ಎದ್ದು ಒಳಗೆ ನಡೆದಳು. ಅಕ್ಕ ಇಬ್ಬರ ಚೀಲವನ್ನೂ ಹೆಗಲಿಗೇರಿಸಿ ಹಿಂದೆ ಹೋದಳು.